ಜಿಆರ್ 3 ತಗೊಳ್ಳೋದಾ, ಎಕ್ಸ್100 ವಿಐ ತಗೊಳ್ಳೋದಾ? ಮೊದಲು ನಿಮ್ಮ ಹಳೆಯ ಫೋಟೋಗಳನ್ನು ತೆರೆಯಿರಿ

ರಿಕೋ ಜಿಆರ್ 3 ಮತ್ತು ಫ್ಯೂಜಿಫಿಲ್ಮ್ ಎಕ್ಸ್100 ವಿಐ, ಝೂಮ್ ಇಲ್ಲದ ಈ ಎರಡು ಚಿಕ್ಕ ಕ್ಯಾಮೆರಾಗಳಲ್ಲಿ ಕಡಿಮೆ ಬೆಳಕಿಗೆ ಯಾವುದರ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಭಾಗ) ಚೆನ್ನಾಗಿದೆ ಅಂತ ಕೇಳಿದ್ದೀರಿ. ಎರಡು ತಿಂಗಳಿಂದ ರಿವ್ಯೂ ಓದಿ ಓದಿ ತಲೆ ಕೆಟ್ಟಿದೆ ಅಂತಲೂ ಬರೆದಿದ್ದೀರಿ. 2020ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ಆಗ ವಿಐ ಇನ್ನೂ ಬಂದಿರಲಿಲ್ಲ. ಅದಕ್ಕಿಂತ ಹಿಂದಿನ ಎಕ್ಸ್100ವಿ ಆಗ ತಾನೇ ಬಂದಿತ್ತು.

ನನ್ನ ಹತ್ತಿರ ಸೋನಿ ಆರ್‌ಎಕ್ಸ್100 ಮಾರ್ಕ್ 3 ಇತ್ತು. 1 ಇಂಚಿನ ಸೆನ್ಸರ್, 24ರಿಂದ 70 ಎಂಎಂವರೆಗೆ ಝೂಮ್ (ಸಂಖ್ಯೆ ಚಿಕ್ಕದಾದಷ್ಟು ಅಗಲದ ನೋಟ, ದೊಡ್ಡದಾದಷ್ಟು ದೂರದ್ದು ಹತ್ತಿರ). ಐದು ವರ್ಷ ಎಲ್ಲವನ್ನೂ ಅದರಲ್ಲೇ ತೆಗೆದಿದ್ದೆ. ಸಂಜೆ ಮನೆಯೊಳಗೆ ತೆಗೆದ ಫೋಟೋಗಳಲ್ಲಿ ನಾಯ್ಸ್, ಅಂದರೆ ಕಾಳುಕಾಳಾಗಿ ಕಾಣುವುದು, ಜಾಸ್ತಿ ಅನ್ನಿಸುತ್ತಿತ್ತು. ದೊಡ್ಡ ಸೆನ್ಸರ್ ಇರುವ ಕ್ಯಾಮೆರಾ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂತ ಒಮ್ಮೆ ಮನಸ್ಸಿಗೆ ಬಂತು. ಬಂದಿದ್ದು ಹೋಗಲೇ ಇಲ್ಲ.

ಒಂದು ಎಕ್ಸೆಲ್ ಶೀಟ್ ಮಾಡಿದೆ. ಎಡಕ್ಕೆ ಜಿಆರ್ 3, ಬಲಕ್ಕೆ ಎಕ್ಸ್100ವಿ. ತೂಕ: 257 ಗ್ರಾಂ, 478 ಗ್ರಾಂ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ (ಸಂಖ್ಯೆ ಚಿಕ್ಕದಾದಷ್ಟು ಬೆಳಕು ಜಾಸ್ತಿ): ಎಫ್/2.8, ಎಫ್/2. ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಜಿಆರ್‌ನಲ್ಲಿ ಇತ್ತು, ಎಕ್ಸ್100ವಿಯಲ್ಲಿ ಇರಲಿಲ್ಲ. ವ್ಯೂಫೈಂಡರ್, ಫ್ಲ್ಯಾಶ್, ಮಡಚುವ ಸ್ಕ್ರೀನ್ ಎಲ್ಲ ಎಕ್ಸ್100ವಿ ಕಡೆ. ಹೀಗೆ 22 ಸಾಲು. ಅದರಲ್ಲಿ ಒಂದು ಸಾಲು ಫೋಕಲ್ ಲೆಂಗ್ತ್, ಅಂದರೆ ಮೇಲೆ ಹೇಳಿದ ಎಂಎಂ ಸಂಖ್ಯೆ. ಎಡಕ್ಕೆ 28, ಬಲಕ್ಕೆ 35. ಪಕ್ಕದಲ್ಲಿ ನಾನೇ ಬರೆದಿದ್ದೆ: "ಹೆಚ್ಚುಕಡಿಮೆ ಒಂದೇ." ಅಷ್ಟು ಬರೆದು ಮುಂದಿನ ಸಾಲಿಗೆ ಹೋದೆ. ನಾನು ಮಾಡಿದ ತಪ್ಪು ಆ ಒಂದೇ ಸಾಲು. ಉಳಿದ 21 ಸಾಲಿಗೆ ಕೊಟ್ಟ ಸಮಯವೆಲ್ಲ ದಂಡ.

ಜಿಆರ್ 3 ತಗೊಂಡೆ. ಹಳೆಯ ಸೋನಿಯನ್ನು ಚಿಕ್ಕಪ್ಪನ ಮಗಳಿಗೆ ಕೊಟ್ಟುಬಿಟ್ಟೆ. ಇನ್ನು ಅದರ ಕೆಲಸ ಮುಗಿಯಿತು ಅಂತಲೇ ನನ್ನ ಲೆಕ್ಕ.

ಈಗ ನಮ್ಮ ಅಪ್ಪನ ಗಡಿಯಾರದ ವಿಷಯ ಹೇಳಬೇಕು. ಭಾನುವಾರ ಸಂಜೆ ಅಪ್ಪ ಗೋಡೆ ಗಡಿಯಾರ ಇಳಿಸಿ, ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಕೀ ಕೊಡುತ್ತಾರೆ. ಕನ್ನಡಕ ಹಣೆ ಮೇಲಿರುತ್ತದೆ. ತುಟಿ ಬಿಗಿದಿರುತ್ತದೆ. ಒಂದೊಂದು ಸುತ್ತಿಗೂ ಬಾಯೊಳಗೇ ಎಣಿಸುತ್ತಾರೆ. ಎಡಗೈಯ ಹೆಬ್ಬೆರಳು ಗಡಿಯಾರದ ಬಾಗಿಲನ್ನು ಒತ್ತಿ ಹಿಡಿದಿರುತ್ತದೆ, ಆ ಉಗುರಿನ ಮೇಲೆ ಕಿಟಕಿಯ ಬೆಳಕು ಬೀಳುತ್ತದೆ. ಇದನ್ನು ಒಂದು ಸಲ ಸರಿಯಾಗಿ ತೆಗೆದು, ದೊಡ್ಡ ಪ್ರಿಂಟ್ ಹಾಕಿಸಬೇಕು ಅಂತ ನನಗೆ ಬಹಳ ದಿನದ ಆಸೆ. ಹೊಸ ಕ್ಯಾಮೆರಾ ಬೇಕು ಅನ್ನಿಸಿದ್ದಕ್ಕೆ ಅರ್ಧ ಕಾರಣವೇ ಅದು.

ನಾನು ಕೂರುವ ಕುರ್ಚಿ ಮೇಜಿನಿಂದ ಸುಮಾರು ಎರಡೂವರೆ ಮೀಟರ್ ದೂರ. ಅಲ್ಲಿಂದ 28ರಲ್ಲಿ ತೆಗೆದರೆ ಫ್ರೇಮಿನಲ್ಲಿ 3 ಮೀಟರ್‌ಗಿಂತ ಅಗಲದ ಜಾಗ ಬರುತ್ತದೆ. ಫೋಟೋದಲ್ಲಿ ಇಡೀ ಕಿಟಕಿ, ಪರದೆ, ಕ್ಯಾಲೆಂಡರ್, ಪಕ್ಕದ ಬೀರುವಿನ ಅರ್ಧ ಭಾಗ ಎಲ್ಲ ಇತ್ತು. ನಡುವೆ ಚಿಕ್ಕದಾಗಿ ಅಪ್ಪ.

ಹತ್ತಿರ ಹೋಗಬಹುದಿತ್ತಲ್ಲ ಅಂತ ಕೇಳುತ್ತೀರಿ. ಹೋದೆ. ನನಗೆ ಬೇಕಿದ್ದ ಫ್ರೇಮ್ ಸಿಗಬೇಕಾದರೆ 28ರಲ್ಲಿ 1 ಮೀಟರ್ ದೂರಕ್ಕೆ ಬರಬೇಕು. ಅಷ್ಟು ಹತ್ತಿರ ಬಂದ ಕೂಡಲೇ ಅಪ್ಪ ತಲೆ ಎತ್ತಿದರು. ಕೈ ನಿಂತಿತು. ಕನ್ನಡಕ ಸರಿಮಾಡಿಕೊಂಡು ಕ್ಯಾಮೆರಾ ನೋಡಿ ನಕ್ಕರು. ಆ ನಗುವೂ ಚೆನ್ನಾಗಿತ್ತು, ಆದರೆ ಕೀ ಕೊಡುವ ಅಪ್ಪ ಅಲ್ಲಿರಲಿಲ್ಲ. ಮುಖವೂ ಬೇರೆ ಥರ ಕಂಡಿತು. ಅಷ್ಟು ಹತ್ತಿರದಿಂದ ತೆಗೆದರೆ ಮುಂದಿರುವ ಮೂಗು, ಕೈ ದೊಡ್ಡದಾಗಿ, ಕಿವಿ ಹಿಂದಕ್ಕೆ ಹೋದಂತೆ ಕಾಣುತ್ತದೆ. ಇದು ಲೆನ್ಸಿನ ದೋಷ ಅಲ್ಲ, ನಿಂತ ದೂರದಿಂದ ಆಗುವುದು.

ಸರಿ, ದೂರದಿಂದಲೇ ತೆಗೆದು ಕ್ರಾಪ್ ಮಾಡಿದೆ. 24 ಮೆಗಾಪಿಕ್ಸೆಲ್ ಇದೆಯಲ್ಲ, ಸಾಕು ಅಂದುಕೊಂಡೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ರಿವ್ಯೂಗಳಲ್ಲಿ ಈ ಲೆಕ್ಕವನ್ನು ಬಿಡಿಸಿ ಹೇಳಿದ್ದು ನಾನು ಎಲ್ಲೂ ನೋಡಿಲ್ಲ.

28ರ ಲೆನ್ಸಿನಲ್ಲಿ ತೆಗೆದು 70ರ ಹಾಗೆ ಕಾಣುವಷ್ಟು ಕ್ರಾಪ್ ಮಾಡಿದರೆ ಅಗಲದಲ್ಲೂ ಎತ್ತರದಲ್ಲೂ ಉಳಿಯುವುದು 40%. ಅಂದರೆ ಒಟ್ಟು ಚಿತ್ರದಲ್ಲಿ 16% ಮಾತ್ರ. 6000×4000 ಪಿಕ್ಸೆಲ್ ಹೋಗಿ 2400×1600 ಆಯಿತು. 18 ಇಂಚಿನ ಪ್ರಿಂಟ್ ಹಾಕಿಸಿದೆ. ಇಂಚಿಗೆ 133 ಪಿಕ್ಸೆಲ್ ಬಂತು. ಹೆಬ್ಬೆರಳಿನ ಗೆರೆಗಳು ಕಲಸಿಹೋಗಿದ್ದವು.

ಪಿಕ್ಸೆಲ್ ಹೋದರೆ ಹೋಗಲಿ, ಸೆನ್ಸರ್ ಕೂಡ ಹೋಯಿತು. ಜಿಆರ್‌ನಲ್ಲಿರುವ ಎಪಿಎಸ್-ಸಿ ಅನ್ನುವ ಅಳತೆಯ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್, ಅಂದರೆ 367 ಚದರ ಮಿಲಿಮೀಟರ್. ಅದರ 16% ಅಂದರೆ 59. ನಾನು ಚಿಕ್ಕದು ಅಂತ ಕೊಟ್ಟುಬಿಟ್ಟ ಸೋನಿಯ 1 ಇಂಚಿನ ಸೆನ್ಸರ್ (ಇಂಚು ಅನ್ನೋದು ಹೆಸರಿಗಷ್ಟೇ) 13.2×8.8, ಅಂದರೆ 116. ಅದೇ ಕುರ್ಚಿ, ಅದೇ ಫ್ರೇಮ್. ದೊಡ್ಡ ಸೆನ್ಸರ್ ಕ್ಯಾಮೆರಾದಲ್ಲಿ ನಾನು ಬಳಸಿದ್ದು ಹಳೆಯ ಕ್ಯಾಮೆರಾದ ಅರ್ಧದಷ್ಟು ಸೆನ್ಸರ್. ಸೋನಿ 70ರಲ್ಲೂ ಎಫ್/2.8 ಕೊಡುತ್ತಿತ್ತು, ಜಿಆರ್ ಕೂಡ ಎಫ್/2.8. ಹಾಗಾಗಿ ಹಳೆಯ ಕ್ಯಾಮೆರಾ ಆ ಫೋಟೋಗೆ ಎರಡರಷ್ಟು ಬೆಳಕು ಹಿಡಿಯುತ್ತಿತ್ತು, ಪೂರ್ತಿ 20 ಮೆಗಾಪಿಕ್ಸೆಲ್ ಜೊತೆಗೆ. 50ರವರೆಗೆ ಮಾತ್ರ ಕ್ರಾಪ್ ಮಾಡಿದರೂ ಉಳಿಯುವುದು 115, ಅಂದರೆ ಅದೇ 1 ಇಂಚಿನ ಸೆನ್ಸರ್. ನಾಯ್ಸ್ ಕಡಿಮೆ ಮಾಡಲು ಹೋಗಿ ಜಾಸ್ತಿ ಮಾಡಿಕೊಂಡಿದ್ದೆ.

ಆ ರಾತ್ರಿ ಹಳೆಯ ಸೋನಿ ಫೋಟೋಗಳನ್ನೆಲ್ಲ ತೆರೆದು, ಒಂದೊಂದರ ಮಾಹಿತಿಯಲ್ಲಿ ಬರೆದಿರುವ ಫೋಕಲ್ ಲೆಂಗ್ತ್ ನೋಡಿದೆ. 10ರಲ್ಲಿ 7 ಫೋಟೋ 50ರಿಂದ 70ರ ನಡುವೆ. 28ರ ಹತ್ತಿರ ತೆಗೆದದ್ದು ಬಹಳ ಕಡಿಮೆ, ಅದೂ ಪ್ರವಾಸದ ಫೋಟೋಗಳು. ಐದು ವರ್ಷದ ಉತ್ತರ ನನ್ನ ಕಂಪ್ಯೂಟರಿನಲ್ಲೇ ಇತ್ತು. ನಾನು ಬೇರೆಯವರ ಟೆಸ್ಟ್ ಫೋಟೋಗಳನ್ನು ದೊಡ್ಡದು ಮಾಡಿ ಮೂಲೆಗಳನ್ನು ನೋಡುತ್ತಾ ಕೂತಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಬೇಜಾರು ಮಾಡ್ಕೋಬೇಡಿ. ಎರಡೂ ಎಪಿಎಸ್-ಸಿ ಸೆನ್ಸರ್. ಒಂದರಲ್ಲಿ 24 ಮೆಗಾಪಿಕ್ಸೆಲ್, ಇನ್ನೊಂದರಲ್ಲಿ 40. ಒಂದೇ ಅಳತೆಯ ಪ್ರಿಂಟ್ ಹಾಕಿಸಿ ಪಕ್ಕಪಕ್ಕ ಇಟ್ಟರೆ ನಾಯ್ಸ್ ನೋಡಿ ಇದು ಯಾವುದು ಅಂತ ಹೇಳೋದು ಕಷ್ಟ. ಎಫ್/2ಕ್ಕೂ ಎಫ್/2.8ಕ್ಕೂ ಬೆಳಕಿನಲ್ಲಿ ಎರಡರಷ್ಟು ವ್ಯತ್ಯಾಸ ಇದೆ, ಅದು ನಿಜ. ಓಡಾಡುವ ಮಕ್ಕಳನ್ನು ತೆಗೆಯುವವರಿಗೆ ಅದು ಬೇಕು. ಈಗ ವಿಐನಲ್ಲೂ ಸ್ಟೆಬಿಲೈಸೇಶನ್ ಬಂದಿದೆ, ಆದರೆ ಅದು ತಡೆಯುವುದು ನಿಮ್ಮ ಕೈ ನಡುಕವನ್ನು, ಮಗುವಿನ ಓಟವನ್ನಲ್ಲ. ತೂಕದ ವ್ಯತ್ಯಾಸವೂ ಸಣ್ಣದಲ್ಲ: 257 ಗ್ರಾಂ ಪ್ಯಾಂಟಿನ ಜೇಬಿಗೆ ಹೋಗುತ್ತೆ, 521 ಗ್ರಾಂ ಕುತ್ತಿಗೆಗೋ ಬ್ಯಾಗಿಗೋ ಹೋಗುತ್ತೆ. ಆದರೆ ಇದೆಲ್ಲ ಆಮೇಲಿನ ಮಾತು.

ಮೊದಲು ಹಳೆಯ ಫೋಟೋಗಳಲ್ಲಿ ನಿಮಗೆ ಇಷ್ಟವಾದ 200 ಆರಿಸಿ. ಚೆನ್ನಾಗಿ ಬಂದಿದೆ ಅನ್ನಿಸಿದ್ದನ್ನೇ ಆರಿಸಬೇಕು, ಸುಮ್ನೆ ಎಲ್ಲವನ್ನೂ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಫೋಟೋದ ಮಾಹಿತಿಯಲ್ಲಿ "35 ಎಂಎಂಗೆ ಸಮಾನ" ಅನ್ನುವ ಫೋಕಲ್ ಲೆಂಗ್ತ್ ನೋಡಿ, ನಾನು ಇಲ್ಲಿ ಹೇಳಿರುವ ಸಂಖ್ಯೆಗಳೆಲ್ಲ ಅದೇ. ಮೊಬೈಲಿನಲ್ಲೇ ತೆಗೆಯುವವರಾದರೆ, ಬಹಳಷ್ಟು ಫೋನ್‌ಗಳ ಮುಖ್ಯ ಕ್ಯಾಮೆರಾ 24ರಿಂದ 26ರ ಆಸುಪಾಸು ಇರುತ್ತದೆ. 2ಎಕ್ಸ್ ಒತ್ತಿದರೆ ಸುಮಾರು 50. ಕೈ ತಾನಾಗೇ 2ಎಕ್ಸ್ ಕಡೆ ಹೋಗುತ್ತಾ ಅಂತ ಒಂದು ವಾರ ಗಮನಿಸಿ.

24ರಿಂದ 30ರೊಳಗೆ ಬಂತಾ? ಯೋಚನೆ ಮಾಡದೆ ಜಿಆರ್ 3 ತಗೊಳ್ಳಿ, ಜೇಬಿನಲ್ಲಿರುವ ಕ್ಯಾಮೆರಾದಷ್ಟು ಉಪಯೋಗ ಬೇರೆ ಯಾವುದೂ ಇಲ್ಲ. 35ರ ಸುತ್ತ ಬಂದರೆ ಎಕ್ಸ್100 ವಿಐ. ಅದರಲ್ಲಿ 50ಕ್ಕೆ ಕ್ರಾಪ್ ಮಾಡಿದರೂ ಅರ್ಧದಷ್ಟು ಚಿತ್ರ, ಅಂದರೆ ಸುಮಾರು 20 ಮೆಗಾಪಿಕ್ಸೆಲ್ ಉಳಿಯುತ್ತದೆ. 50 ದಾಟಿ ಬಂದರೆ ಎರಡೂ ಬೇಡ. ಪ್ಯಾನಾಸೋನಿಕ್ ಎಲ್ಎಕ್ಸ್100 ಮಾರ್ಕ್ 2 ನೋಡಿ. ಫೋರ್ ಥರ್ಡ್ಸ್ ಸೆನ್ಸರ್ (1 ಇಂಚಿನದಕ್ಕಿಂತ ದೊಡ್ಡದು, ಎಪಿಎಸ್-ಸಿಗಿಂತ ಚಿಕ್ಕದು), 24ರಿಂದ 75ರವರೆಗೆ ಝೂಮ್, ತುದಿಯಲ್ಲೂ ಎಫ್/2.8. ಕ್ಯಾನನ್ ಜಿ1 ಎಕ್ಸ್ ಮಾರ್ಕ್ 3ನಲ್ಲಿ ಸೆನ್ಸರ್ ಎಪಿಎಸ್-ಸಿ ಆದರೂ ಝೂಮ್ ತುದಿಯಲ್ಲಿ ಎಫ್/5.6 ಆಗಿಬಿಡುತ್ತೆ. ಕಡಿಮೆ ಬೆಳಕು ಅಂತ ನೀವು ಕೇಳಿರುವುದರಿಂದ ಅದನ್ನು ನಾನು ಹೇಳಲ್ಲ.

"ಕಾಲೇ ಝೂಮ್, ನಡೆದು ಹೋಗಿ" ಅಂತ ಕೆಲವರು ಹೇಳುತ್ತಾರೆ. ಗೋಡೆ, ಮರ, ಕಟ್ಟಡ ತೆಗೆಯೋದಾದರೆ ಒಪ್ಪುತ್ತೇನೆ. ತನ್ನ ಕೆಲಸದಲ್ಲಿ ಮುಳುಗಿರುವ ಮನುಷ್ಯನ ಹತ್ತಿರ ನಡೆದು ಹೋದರೆ ಆ ಮುಳುಗುವಿಕೆಯೇ ಹೋಗುತ್ತೆ.

2021ರಲ್ಲಿ ರಿಕೋದವರು 40ರ ಲೆನ್ಸ್ ಇರುವ ಜಿಆರ್ 3ಎಕ್ಸ್ ತಂದರು. ಮರುವರ್ಷ ನನ್ನ ಜಿಆರ್ 3 ಮಾರಿ ಅದನ್ನು ತಗೊಂಡೆ. ಜೇಬು ಬಿಡಲು ನನಗೆ ಮನಸ್ಸಿರಲಿಲ್ಲ. ಕುರ್ಚಿಯಿಂದ 70ರ ಹಾಗೆ ಕ್ರಾಪ್ ಮಾಡಿದರೆ ಈಗಲೂ 1 ಇಂಚಿನ ಸೆನ್ಸರಿನಷ್ಟೇ ಉಳಿಯುತ್ತದೆ, ಅದನ್ನು ಮುಚ್ಚಿಡಲ್ಲ. ಆದರೆ ಕ್ರಾಪ್ ಮಾಡದೆ ಅದೇ ಫ್ರೇಮ್ ಸಿಗಲು ಒಂದೂವರೆ ಮೀಟರಿಗೆ ಬಂದರೆ ಸಾಕು. ಕುರ್ಚಿಯನ್ನು ಒಂದು ಮೀಟರ್ ಮುಂದಕ್ಕೆ ಎಳೆದಿಟ್ಟಿದ್ದೇನೆ. ಮೊದಲ ಎರಡು ವಾರ ಅಪ್ಪ ನನ್ನ ಕಡೆ ನೋಡಿದರು. ಈಗ ನೋಡಲ್ಲ, ಎಣಿಸುತ್ತಾ ಕೀ ತಿರುಗಿಸುತ್ತಾರೆ.