ಕಥೆ ಹೇಳಿ ಅನ್ನಬೇಡಿ, ಹಳೆ ಮನೆಯ ಬಾಗಿಲು ಯಾವ ಕಡೆಗಿತ್ತು ಅಂತ ಕೇಳಿ

ನಿಮ್ಮ ಪ್ರಶ್ನೆ ಓದಿದೆ. ಮೇಷ್ಟರಾಗಿದ್ದ, ಈಗ 79 ವರ್ಷದ ನಿಮ್ಮ ಅಪ್ಪ ಮುಂದಿನ ತಿಂಗಳು ಮೂರು ವಾರಕ್ಕೆ ನಿಮ್ಮ ಮನೆಗೆ ಬರುತ್ತಿದ್ದಾರೆ. ಅವರ ಬಾಯಿಂದ ಮನೆತನದ ಕಥೆಗಳನ್ನು ಕೇಳಬೇಕು ಅಂತ ನಿಮ್ಮ ಆಸೆ. ಆದರೆ ಕೇಳಿದಾಗಲೆಲ್ಲ "ಏನಿದೆ ಹೇಳೋಕೆ" ಅಂದು ಪೇಪರ್ ಬಿಡಿಸಿಕೊಂಡು ಕೂರುತ್ತಾರೆ. ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ.

ಎರಡು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ನನ್ನ ಅವ್ವ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದವಳು ಐದು ವಾರ ನಮ್ಮ ಮನೆಯಲ್ಲಿದ್ದಳು. ಆಗ ಅವಳಿಗೆ 74. ಅವಳು ಹುಟ್ಟಿದ್ದು ಸಾಗರ ತಾಲೂಕಿನಲ್ಲಿ, ಶರಾವತಿ ಹೊಳೆಯ ಪಕ್ಕ. ಆ ಊರು ಈಗ ಇಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ನಮ್ಮ ಕಡೆ ಇದಕ್ಕೆ ಒಂದೇ ಮಾತು, ಮುಳುಗಡೆ. "ಮುಳುಗಡೆ ಆದಮೇಲೆ", "ಮುಳುಗಡೆಗೆ ಮುಂಚೆ" ಅಂತಲೇ ನಮ್ಮವರು ಕಾಲವನ್ನು ಎರಡು ಮಾಡುವುದು. ಆ ಮಾತು ಕೇಳುತ್ತಲೇ ಬೆಳೆದೆ. ಆದರೂ ಮುಂಚೆ ಏನಿತ್ತು ಅಂತ ನನಗೆ ಏನೂ ಗೊತ್ತಿರಲಿಲ್ಲ.

ಮೊದಲ ದಿನವೇ ನಾನು ತಪ್ಪು ಮಾಡಿದೆ. ಒಂದು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಪ್ರಶ್ನೆ ಬರೆದುಕೊಂಡು, ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಅವಳ ಎದುರು ಕೂತೆ. "ಅವ್ವಾ, ನಿನ್ನ ಬಾಲ್ಯದ ಬಗ್ಗೆ ಹೇಳು." ಅವಳು ಫೋನು ನೋಡಿದಳು, ನನ್ನನ್ನು ನೋಡಿದಳು. ಸೆರಗು ಸರಿ ಮಾಡಿಕೊಂಡಳು. "ಎಂತ ಹೇಳೂದು ಮಾರಾಯ್ತಿ. ನೆಟ್ಟಿ ಮಾಡಿದ್ವಿ, ಕೊಯ್ದ್ವಿ, ಉಂಡ್ವಿ." ಅಷ್ಟೇ. ಬಾಲ್ಯ ಅನ್ನುವುದು ಅವಳ ಮಾತಿನೊಳಗೆ ಇರುವ ಪದವೇ ಅಲ್ಲ. ಪುಸ್ತಕದ ಪ್ರಶ್ನೆ ಕೇಳಿದೆ, ಕೋರ್ಟಿನಲ್ಲಿ ಕೊಡುವಂಥ ಉತ್ತರ ಸಿಕ್ಕಿತು. ನಿಮ್ಮ ಅಪ್ಪ "ಏನಿದೆ ಹೇಳೋಕೆ" ಅಂದರೆ ಮನಸ್ಸಿಲ್ಲ ಅಂತ ತಿಳಿಯಬೇಡಿ. ಅಷ್ಟು ದೊಡ್ಡ ಪ್ರಶ್ನೆಗೆ ಎಲ್ಲಿಂದ ಕೈಹಾಕಬೇಕು ಅಂತ ಅವರಿಗೆ ತೋಚುವುದಿಲ್ಲ.

ಬಾಗಿಲು ತೆರೆದದ್ದು ಕಣ್ಣಿಗೆ ಹಾಕುವ ಹನಿ ಔಷಧಿಯಿಂದ. ಆಪರೇಷನ್ ಆದಮೇಲೆ ದಿನಕ್ಕೆ ನಾಲ್ಕು ಸಲ ಎರಡು ಬಗೆಯ ಹನಿ ಹಾಕಬೇಕಿತ್ತು. ಒಂದು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಆ ಹೊತ್ತಿನಲ್ಲಿ ಅವಳು ಕಣ್ಣು ಮುಚ್ಚಿ ಮಂಚದ ಮೇಲೆ ಮಲಗಿರುತ್ತಿದ್ದಳು. ನಾನು ಪಕ್ಕದಲ್ಲಿ ಬಾಟಲಿ ಹಿಡಿದು ಕೂತಿರುತ್ತಿದ್ದೆ. ಟಿವಿ ಇಲ್ಲ, ಮುಖ ನೋಡುವ ಹಾಗಿಲ್ಲ, ಮಾಡಲು ಇಬ್ಬರಿಗೂ ಬೇರೆ ಕೆಲಸ ಇಲ್ಲ. ಮೂರನೆಯ ದಿನ ಸುಮ್ನೆ ಹೊತ್ತು ಕಳೆಯಲು ಕೇಳಿದೆ: "ಅವ್ವಾ, ಹಳೆ ಊರಲ್ಲಿ ನಿಮ್ಮ ಮನೆಯ ಬಾಗಿಲು ಯಾವ ಕಡೆಗಿತ್ತು?"

"ಮೂಡಕ್ಕೆ" ಅಂದಳು. ಆಮೇಲೆ ತಡೆದು, "ಹೊಳೆ ಕಡೆಗೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಮಂಜು ಒಳಗೇ ಬರ್ತಿತ್ತು. ಅಜ್ಜಿ ಬೈತಿದ್ಲು, ಬೇಗ ಹಾಕಿ, ಬೆಂಕಿ ಆರ್ತದೆ ಅಂತ."

ಯಾವ ಅಜ್ಜಿ? ಅಪ್ಪನ ಅವ್ವ. ಎಲ್ಲಿ ಮಲಗುತ್ತಿದ್ದಳು? ನಡುಮನೆಯಲ್ಲಿ, ಪಣತದ ಪಕ್ಕ. (ಪಣತ ಅಂದರೆ ಭತ್ತ ತುಂಬಿಡುವ ಮರದ ಕಣಜ.) ಯಾಕೆ ಅಲ್ಲಿ? ಇಲಿ ಬಂದರೆ ಗೊತ್ತಾಗಲಿ ಅಂತ. ಎರಡನೆಯ ಹನಿ ಹಾಕುವುದನ್ನೇ ಮರೆತೆ. ನನ್ನ ಮುತ್ತಜ್ಜಿ ಆ ದಿನದವರೆಗೆ ನನಗೆ ಬರೀ ಒಂದು ಸಂಬಂಧದ ಹೆಸರಾಗಿದ್ದಳು. ಆ ಮಧ್ಯಾಹ್ನ ಅವಳು ಕತ್ತಲಲ್ಲಿ ಇಲಿಯ ಸದ್ದಿಗೆ ಕಿವಿ ಕೊಟ್ಟು ಮಲಗಿದ ಹೆಂಗಸಾದಳು.

ಹಾಗಾಗಿ ನನ್ನ ಸಲಹೆ ಇಷ್ಟು. ಘಟನೆ ಕೇಳಬೇಡಿ, ಜಾಗ ಕೇಳಿ, ವಸ್ತು ಕೇಳಿ. ಬಾವಿ ಎಲ್ಲಿತ್ತು, ಅಲ್ಲಿಂದ ಬಚ್ಚಲಿಗೆ ನೀರು ಯಾರು ಹೊರುತ್ತಿದ್ದರು. ಅಳೆಯಲು ಏನು ಬಳಸುತ್ತಿದ್ದರು. ಜಗಲಿಯ ಮೇಲೆ ಯಾರಿಗೆ ಕೂರಲು ಅವಕಾಶವಿತ್ತು, ಯಾರಿಗೆ ಇರಲಿಲ್ಲ. ಜಾಗ ಕಣ್ಣಿಗೆ ಬಂದರೆ ಅಲ್ಲಿ ಓಡಾಡುತ್ತಿದ್ದ ಜನ ತಾವಾಗಿಯೇ ಬರುತ್ತಾರೆ. ನಿಮ್ಮ ಅಪ್ಪ ಮೇಷ್ಟರು ಅಂದಿರಲ್ಲ, ಅವರ ಮೊದಲ ಶಾಲೆಗೆ ಬಸ್ಸಿಳಿದು ಎಷ್ಟು ದೂರ ನಡೆಯಬೇಕಿತ್ತು, ಆ ಊರಲ್ಲಿ ಊಟಕ್ಕೆ ಎಲ್ಲಿಗೆ ಹೋಗುತ್ತಿದ್ದರು, ರಾತ್ರಿ ಎಲ್ಲಿ ಮಲಗುತ್ತಿದ್ದರು ಅಂತ ಕೇಳಿ ನೋಡಿ.

ಮೂರನೆಯ ವಾರಕ್ಕೆ ಅವ್ವನಿಗೆ ಸಣ್ಣಪುಟ್ಟ ಕೆಲಸ ಮಾಡಲು ಡಾಕ್ಟರು ಒಪ್ಪಿದರು. ಅವಳು ಕೇಳಿದ ಮೊದಲ ಕೆಲಸ ಅಕ್ಕಿ ಆರಿಸುವುದು. ನಮ್ಮ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಆದರೂ ದೊಡ್ಡ ಸ್ಟೀಲ್ ಹರಿವಾಣದಲ್ಲಿ ಎರಡು ಪಾವು ಹಾಕಿ ಕೊಟ್ಟೆ. ಹೊಸ ಕಣ್ಣಲ್ಲಿ ಒಂದೊಂದು ಕಾಳೂ ಬೇರೆ ಬೇರೆ ಕಾಣುತ್ತದೆ ಅಂತ ಅವಳಿಗೆ ಎಷ್ಟು ಸಂತೋಷ! ನನ್ನ ಮಗ, ಒಂಬತ್ತು ವರ್ಷದವನು, ಪಕ್ಕದಲ್ಲಿ ಬಂದು ಕೂತ. "ಅಜ್ಜಿ, ನಿಮ್ಮ ಮುಳುಗಿದ ಮನೆ ಎಷ್ಟು ದೊಡ್ಡದಿತ್ತು? ನಮ್ಮ ಹಾಲಿನಷ್ಟಾ?"

ಅವ್ವ ಅಂಗೈಯಲ್ಲಿ ಅಕ್ಕಿಯನ್ನು ಸಮ ಮಾಡಿದಳು. ತೋರುಬೆರಳಿನಿಂದ ಒಂದು ಗೆರೆ ಎಳೆದಳು. ಅಕ್ಕಿ ಎರಡು ಕಡೆ ಸರಿದು ಸ್ಟೀಲು ಮಿನುಗಿತು. "ಇದು ಹೊಳೆ." ಇನ್ನೊಂದು ಗೆರೆ. "ಇದು ಅಂಗಳದ ದಣಪೆ." (ದಣಪೆ ಅಂದರೆ ಬೇಲಿಯ ಬಾಗಿಲು.) ಆಮೇಲೆ ಜಗಲಿ, ನಡುಮನೆ, ಅಡಿಗೆಮನೆ, ಎಡಕ್ಕೆ ಕೊಟ್ಟಿಗೆ. ಬೆರಳು ಒಮ್ಮೆಯೂ ತಡವರಿಸಲಿಲ್ಲ. ಕೊನೆಗೆ ಐದಾರು ಕಾಳುಗಳನ್ನು ಬೇರೆಯಾಗಿ ತೆಗೆದು ಗದ್ದೆಯ ಅಂಚಿಗೆ ಇಟ್ಟಳು. "ಇದು ಚೌಡಿ ಬನ." (ಚೌಡಿ ದೇವತೆ ಇರುವ ಮರಗಳ ತೋಪು.) ಹೊರಡುವ ದಿನ ಅವಳ ಅಜ್ಜಿ ಅಲ್ಲಿಂದ ಒಂದು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳಂತೆ. ಅಪ್ಪ ಮನೆಯ ಹಂಚು, ಪಕಾಸು, ಬಾಗಿಲು, ಜಗಲಿಯ ಕಂಬ ಎಲ್ಲ ಬಿಚ್ಚಿ ಗಾಡಿಗೆ ಹೇರಿಸಿದರಂತೆ. ಈಗ ನನ್ನ ಸೋದರಮಾವನ ಮನೆಯಲ್ಲಿರುವ ಮುಂಬಾಗಿಲು ಅದೇ ಬಾಗಿಲು. ಅಷ್ಟು ವರ್ಷ ಆ ಬಾಗಿಲಿನಲ್ಲಿ ಒಳಗೆ ಹೋಗಿ ಬಂದಿದ್ದೇನೆ, ನನಗೆ ಗೊತ್ತಿರಲಿಲ್ಲ.

ಹರಿವಾಣ ಅಲುಗಿಸುವ ಮುಂಚೆ ಒಂದು ಫೋಟೋ ತೆಗೆದೆ. ಅದೇ ಸಂಜೆ ಕಾಗದದ ಮೇಲೆ ಬರೆದುಕೊಂಡೆ. ನಿಮ್ಮ ಮನೆಯಲ್ಲಿ ಮಕ್ಕಳಿದ್ದರೆ ಅವರನ್ನು ಹತ್ತಿರ ಬಿಡಿ. ನಾವು ಕೇಳಲು ನಾಚುವ ಪ್ರಶ್ನೆಗಳನ್ನು ಅವರು ನೇರವಾಗಿ ಕೇಳುತ್ತಾರೆ. ಅಜ್ಜ ಅಜ್ಜಿಯರಿಗೂ ಮಕ್ಕಳಿಗೆ ಹೇಳುವುದೆಂದರೆ ಬೇರೆಯೇ ಹುರುಪು.

ಇಸವಿ ಕೇಳಿ ಪ್ರಯೋಜನ ಇಲ್ಲ. ಅವ್ವನಿಗೆ ಊರು ಬಿಟ್ಟ ವರ್ಷ ಗೊತ್ತಿರಲಿಲ್ಲ. ಹಾಗಂತ ಬಿಡಬೇಕಾಗಿಲ್ಲ. ಎಲ್ಲರಿಗೂ ನೆನಪಿರುವ ದೊಡ್ಡ ಸುದ್ದಿಗಳ ಪಕ್ಕದಲ್ಲಿ ಇಟ್ಟು ಕೇಳಿ. "ಚೀನಾ ಯುದ್ಧದ ಸುದ್ದಿ ಬಂದಾಗ ಎಲ್ಲಿದ್ರಿ?" "ಹಳೆ ಊರಲ್ಲಿ. ಕೊಯ್ಲು ಶುರುವಾಗಿತ್ತು." ಅದು 1962. "ನೆಹರೂ ತೀರಿಕೊಂಡಾಗ?" "ಹೊಸ ಜಾಗದಲ್ಲಿ. ಮಾಡಿಗೆ ಇನ್ನೂ ಹೊದಿಕೆ ಆಗಿರ್ಲಿಲ್ಲ, ಮಳೆ ಬಂದ್ರೆ ಎಂತ ಮಾಡೂದು ಅಂತ ಅಪ್ಪ ಚಿಂತೆ ಮಾಡ್ತಿದ್ರು." ಅದು 1964ರ ಮೇ ತಿಂಗಳು. ಎರಡರ ನಡುವೆ ಊರು ಬಿಟ್ಟಿದ್ದಾರೆ, ಬಹುಶಃ ಆ ಕೊನೆಯ ಬೇಸಿಗೆಯಲ್ಲೇ. ನಮ್ಮ ಕಡೆಯವರಿಗೆ 1974ರ ಭೂಸುಧಾರಣೆ ಇನ್ನೊಂದು ಗಟ್ಟಿ ಗುರುತು. "ಡಿಕ್ಲರೇಷನ್ ಹಾಕಿದ ವರ್ಷ", ಅಂದರೆ ಉಳುವ ಜಮೀನು ನಮ್ಮದಾಗಲಿ ಅಂತ ಅರ್ಜಿ ಕೊಟ್ಟ ವರ್ಷ, ಅಂದರೆ ಗೇಣಿದಾರರ ಮನೆಯ ಯಾರಿಗೂ ಅರ್ಥ ಆಗುತ್ತದೆ. ನಿಮ್ಮ ಅಪ್ಪನ ಕಡೆ ಅಂಥ ಗುರುತು ಯಾವುದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ.

ಹೇಳಿದ್ದರಲ್ಲಿ ತಪ್ಪು ಕಂಡರೆ ಅಲ್ಲೇ ತಿದ್ದಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾವನ ಮನೆಯ ಅಟ್ಟದಲ್ಲಿ ಒಂದು ಮರದ ಕೊಳಗ ಇದೆ, ಬಾಯಿಗೆ ಕಬ್ಬಿಣದ ಪಟ್ಟಿ ಬಡಿದಿದ್ದು. ಅದಕ್ಕೆ ಎಷ್ಟು ಸೇರು ಹಿಡಿಯುತ್ತದೆ ಅಂತ ಕೇಳಿದೆ, ಅಷ್ಟೇ. ಅವ್ವ ಎದ್ದು ಕೂತಳು. "ಮೂರು! ಮೂರೇ ಸೇರು! ಅದಕ್ಕೇ ಅಲ್ದಾ ಜಗಳ ಆಗಿದ್ದು." 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿ ರೈತರು ಎದ್ದು ನಿಂತದ್ದನ್ನು ನೀವು ಓದಿರಬಹುದು. ಗಣಪತಿಯಪ್ಪನವರು ಮುಂದಾಳಾಗಿದ್ದ ಹೋರಾಟ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಕಾಗೋಡು ಸತ್ಯಾಗ್ರಹ. ಅದರ ಬೇರು ಇದ್ದದ್ದು ಇಂಥ ಕೊಳಗದಲ್ಲೇ. ಗೇಣಿ ಭತ್ತ ಅಳೆಯುವಾಗ ಒಡೆಯರ ಕೊಳಗ ಮೂರು ಸೇರಿಗಿಂತ ದೊಡ್ಡದು. ಬೆಳೆದವನ ಮನೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ನಮ್ಮ ಅಜ್ಜ ಬಡಗಿಯ ಹತ್ತಿರ ಸರಿ ಅಳತೆಯ ಕೊಳಗ ಮಾಡಿಸಿ ಜಗಲಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದರಂತೆ. "ನಿನ್ನಜ್ಜ ಲೋಹಿಯಾ ಜೊತೆ ಜೈಲಿಗೆ ಹೋಗಿದ್ರು" ಅಂದಳು ಅವ್ವ.

ಮಾವನಿಗೆ ಫೋನ್ ಮಾಡಿದರೆ ಅವರು ಬೇರೆ ಹೇಳಿದರು. ಅಪ್ಪ ಜೈಲಿಗೆ ಹೋಗಿರಲಿಲ್ಲ, ಜೈಲಿಗೆ ಹೋದವರ ಮನೆಗಳಿಗೆ ರಾತ್ರಿ ಹೊತ್ತು ಅಕ್ಕಿ ಹೊತ್ತು ಕೊಟ್ಟು ಬರುತ್ತಿದ್ದರು ಅಂತ. ಅವ್ವ ಆಗ ಎರಡು ವರ್ಷದ ಮಗು, ಅವಳೂ ಕೇಳಿದ್ದನ್ನೇ ಹೇಳುತ್ತಿರುವುದು. ಯಾವುದು ನಿಜ ಅಂತ ನಾನು ಅವ್ವನ ಎದುರು ವಾದಕ್ಕೆ ಹೋಗಲಿಲ್ಲ. ಎರಡನ್ನೂ ಬರೆದೆ, ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರೆದೆ. ನನಗೆ ಅನ್ನಿಸುವುದು ಮಾವನ ಮಾತೇ ಸರಿ ಅಂತ. ರಾತ್ರಿ ಕತ್ತಲಲ್ಲಿ ಅಕ್ಕಿ ಹೊತ್ತು ನಡೆದ ಅಜ್ಜನ ಬಗ್ಗೆ ನನಗೆ ಜೈಲಿಗೆ ಹೋದ ಅಜ್ಜನಿಗಿಂತ ಒಂದು ಚೂರೂ ಕಡಿಮೆ ಅಭಿಮಾನ ಇಲ್ಲ. ಆದರೆ "ಇಲ್ಲ ಅವ್ವಾ, ಅದು ಸುಳ್ಳು" ಅಂದಿದ್ದರೆ ಅವಳು ಮುಂದಿನ ಮಾತೇ ಆಡುತ್ತಿರಲಿಲ್ಲ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಹೊಸ ಜಾಗಕ್ಕೆ ಬಂದ ಮೊದಲ ಮಳೆಗಾಲದ ಬಗ್ಗೆ ಅವ್ವ ಒಂದು ರಾತ್ರಿ ತಾನಾಗಿಯೇ ಶುರು ಮಾಡಿದಳು. ಶಿವಮೊಗ್ಗದ ಕಡೆ, ಕಾಡಿನ ನಡುವೆ ಕೊಟ್ಟ ಜಾಗ. ನಾಲ್ಕು ಮಾತು ಹೇಳಿ ನಿಲ್ಲಿಸಿದಳು. ನಾನು ಫೋನು ಆಫ್ ಮಾಡಿದೆ. ತುಂಬಾ ಹೊತ್ತಾದಮೇಲೆ ಉಳಿದದ್ದನ್ನು ಹೇಳಿದಳು. "ಇದನ್ನ ಬರೀಬೇಡ, ಆಯ್ತಾ" ಅಂದಳು. ಬರೆದಿಲ್ಲ, ಇಲ್ಲೂ ಬರೆಯುವುದಿಲ್ಲ. ನಿಮ್ಮ ಅಪ್ಪನೂ ಎಲ್ಲೋ ಒಂದು ಕಡೆ ನಿಲ್ಲಬಹುದು. ಆಗ "ಆಮೇಲೆ?" ಅನ್ನಬೇಡಿ. ಪಕ್ಕದಲ್ಲಿ ಕೂತಿರಿ. ಬೇಕಿದ್ದರೆ ಒಂದು ಲೋಟ ನೀರು ಕೊಡಿ.

ಉಳಿದದ್ದು ಸಣ್ಣ ಸಂಗತಿಗಳು. ಅನುಮತಿ ಕೇಳಿಯೇ ರೆಕಾರ್ಡ್ ಮಾಡಿ, ಕದ್ದು ಬೇಡ. ಫೋನನ್ನು ಮುಖಕ್ಕೆ ಹಿಡಿಯದೆ ಪಕ್ಕದಲ್ಲಿಡಿ. ಫ್ಯಾನು, ಮಿಕ್ಸಿ, ಕುಕ್ಕರ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ, ಆಮೇಲೆ ಕೇಳಿದಾಗ ಬೇಜಾರಾಗುತ್ತದೆ. ಅಪ್ಪನಿಗೆ ಯಾವ ಕಿವಿ ಚುರುಕು ಅಂತ ನೋಡಿ ಆ ಕಡೆ ಕೂರಿ. ಹಳೆ ಫೋಟೋ ಇದ್ದರೆ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಹೆಸರು ಬರೆಸಿ. ಅವರ ಕೈಬರಹದಲ್ಲೇ ಇರಲಿ, ಮೇಷ್ಟರ ಅಕ್ಷರ ಚೆನ್ನಾಗಿರುತ್ತದೆ ಅಲ್ವಾ. ದಿನವೂ ಕೇಳಬೇಡಿ. ಒಂದು ದಿನ ಬಿಟ್ಟು ಕೇಳಿದರೆ ಮರುದಿನ ಅವರೇ "ನಿನ್ನೆ ಒಂದು ಮರೆತಿದ್ದೆ" ಅಂತ ಬರುತ್ತಾರೆ.

ಮೂರು ವಾರ ಸಾಕಾಗುವುದಿಲ್ಲ ಅಂತ ನಿಮಗೆ ಚಿಂತೆ ಇದೆ. ನನಗೂ ಐದು ವಾರ ಸಾಕಾಗಲಿಲ್ಲ. ಆದರೆ ಶುರುವಾದದ್ದು ಊರಿಗೆ ಹೋದಮೇಲೂ ನಿಲ್ಲಲಿಲ್ಲ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತದೆ. ಅದನ್ನು ಕಟ್ಟಿದ್ದು ಜೋಗದ ಮೊದಲ ಕರೆಂಟು ಯೋಜನೆಗೆ, ಆಮೇಲೆ ಅದೂ ಇದೇ ನೀರಿನಲ್ಲಿ ಮುಳುಗಿತು. ಈ ವರ್ಷ ಮಾವನ ಮಗ ಅಲ್ಲಿಗೆ ಹೋಗಿ ವಿಡಿಯೋ ಕಳಿಸಿದ್ದ. ಅದನ್ನು ನೋಡಿ ಅವ್ವ ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿದಳು.

"ಅಕ್ಕಿಯಲ್ಲಿ ಬರೆದದ್ದು ಇಟ್ಕಂಡಿದೀಯಾ?"

"ಇದೆ ಅವ್ವಾ, ಕಾಗದದಲ್ಲಿ ಬರೆದಿಟ್ಟಿದ್ದೇನೆ."

"ಕೊಟ್ಟಿಗೆ ಎಡಕ್ಕೆ ಅಂದಿದ್ದೆ ಅಲ್ದಾ. ಎಡಕ್ಕೇ ಸರಿ. ಆದ್ರೆ ಅಡಿಗೆಮನೆಯಿಂದ ಕೊಟ್ಟಿಗೆಗೆ ಒಂದು ಸಣ್ಣ ಬಾಗಿಲಿತ್ತು, ಅದನ್ನ ಬಿಟ್ಟಿದ್ದೆ. ಮಳೆಗಾಲದಲ್ಲಿ ನಾವು ಅಲ್ಲಿಂದ್ಲೇ ಹಾಲು ಕರೆಯೂಕೆ ಹೋಗ್ತಿದ್ದಿದ್ದು. ಅದನ್ನ ಸೇರ್ಸು."

ಎದ್ದು ಹೋಗಿ ಕಾಗದ ತೆಗೆದು, ಅಡಿಗೆಮನೆಯ ಗೋಡೆಯ ಗೆರೆಯನ್ನು ಅಲ್ಲಿ ಸ್ವಲ್ಪ ಅಳಿಸಿದೆ.