ಹೋಗುವಾಗ +12, ಬರುವಾಗ −12: ಪೆಲ್ವಿಸ್ ಗ್ರಾಫ್ ಯಾಕೆ ತಲೆಕೆಳಗಾಗುತ್ತದೆ?

ಒಬ್ಬರನ್ನೇ ಲ್ಯಾಬಿನಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆಸಿದ್ದೀರಿ. ಮೊಣಕಾಲಿನ ಗ್ರಾಫ್ ಎರಡು ಸಲವೂ ಒಂದೇ, ಸೊಂಟದ ಮೂಳೆ, ಅಂದರೆ ಪೆಲ್ವಿಸ್‌ನದು ಮಾತ್ರ ತಲೆಕೆಳಗು. ಮೈಗೆ ಅಂಟಿಸಿದ ಮಾರ್ಕರ್ (ಕ್ಯಾಮೆರಾ ಹಿಂಬಾಲಿಸುವ ಗುರುತು) ಜಾರಿದೆಯಾ ಅಂತ ಕೇಳಿದ್ದೀರಿ. ಇಲ್ಲ, ಮಾರ್ಕರ್ ಇದ್ದಲ್ಲೇ ಇವೆ. ನಾನು ಗೇಟ್ ಲ್ಯಾಬಿನಲ್ಲಿ, ಅಂದರೆ ನಡಿಗೆ ಅಳೆಯುವ ಲ್ಯಾಬಿನಲ್ಲಿ, ಕೆಲಸ ಮಾಡುತ್ತೇನೆ. ಹೊಸದಾಗಿ ಸೇರಿದವರು ಮೊದಲು ಗಾಬರಿಯಾಗುವುದೇ ಇಲ್ಲಿ.

ಬಾಗಿಲು ಎಷ್ಟು ತೆರೆದಿದೆ ಅಂತ ನೋಡುವಾಗ ಮನೆ ಪೂರ್ವಕ್ಕಿದೆಯೋ ಪಶ್ಚಿಮಕ್ಕಿದೆಯೋ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಮೊಣಕಾಲೂ ಹಾಗೇ. ಅದು ತೊಡೆ ಮೂಳೆಗೂ ಅದರ ಕೆಳಗಿನ ಮೂಳೆಗೂ ನಡುವಿನ ಲೆಕ್ಕ. 1983ರಲ್ಲಿ ಸಂಶೋಧಕರಾದ ಗ್ರೂಡ್ ಮತ್ತು ಸಂಟೇ ಮೊಣಕಾಲಿಗೆ ಹಾಕಿಕೊಟ್ಟ ಅಕ್ಷಗಳಲ್ಲೂ ಒಂದು ಮೇಲಿನ ಮೂಳೆಗೆ ಅಂಟಿದ್ದು, ಒಂದು ಕೆಳಗಿನದಕ್ಕೆ, ಮೂರನೆಯದು ಆ ಎರಡಕ್ಕೂ ಲಂಬ. ಲ್ಯಾಬಿನ ಗೋಡೆಗೆ ಅಲ್ಲಿ ಕೆಲಸವೇ ಇಲ್ಲ.

ಪೆಲ್ವಿಸ್ ಕೋನ ಅಳೆಯುವುದು ಲ್ಯಾಬಿನ ಅಕ್ಷಗಳಿಂದ. ನಡೆಯುವ ದಾರಿಯ ಅಕ್ಷ ಎಕ್ಸ್ ಅಂತಿಟ್ಟುಕೊಳ್ಳಿ. ಎಕ್ಸ್ ಕಡೆ ನಡೆದು 12 ಡಿಗ್ರಿ ಮುಂದಕ್ಕೆ ಬಾಗಿದರೆ +12. ಅದೇ ಮನುಷ್ಯ ತಿರುಗಿ ಬರುವಾಗ ಅಷ್ಟೇ ಬಾಗಿದರೂ ಲ್ಯಾಬಿನ ಕಣ್ಣಿಗೆ −12. ಟಿಲ್ಟ್ (ಮುಂದೆ-ಹಿಂದೆ ಬಾಗುವುದು) ಮೊದಲು ಲೆಕ್ಕ ಹಾಕುವ ಕ್ರಮದಲ್ಲಿ ಟಿಲ್ಟ್, ಆಬ್ಲಿಕ್ವಿಟಿ (ಒಂದು ಪಕ್ಕ ಮೇಲೆ, ಇನ್ನೊಂದು ಕೆಳಗೆ ಆಗುವುದು) ಎರಡರ ಚಿಹ್ನೆಯೂ ತಿರುಗುತ್ತದೆ. ರೊಟೇಶನ್ (ಎಡ-ಬಲಕ್ಕೆ ತಿರುಗುವುದು) 180ರ ಸುತ್ತ ಕೂತು, 180ರಿಂದ −180ಕ್ಕೆ ಜಿಗಿಯುತ್ತಿರುತ್ತದೆ.

ಜಿಗಿತ ಕಣ್ಣಿಗೆ ಬೀಳುತ್ತದೆ, ಅದರ ಭಯವಿಲ್ಲ. ನನಗೆ ಭಯ ಸರಾಸರಿಯದು. ಎರಡೂ ಕಡೆಯ ಟ್ರಯಲ್ (ಒಂದೊಂದು ಸಲದ ನಡಿಗೆ) ಸುಮ್ನೆ ಸೇರಿಸಿದರೆ +12, −12 ಸೇರಿ ಸೊನ್ನೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಆಪರೇಶನ್‌ಗೆ ಮುಂಚೆ ಡಾಕ್ಟರ್ ನೋಡುವ ಹಾಳೆಯಲ್ಲಿ ಬಾಗುವಿಕೆಯೇ ಇಲ್ಲ ಅಂತ ಬಂದರೆ?

ಸರಿಪಡಿಸುವಾಗ ನಾನು ಮಾಡಿದ ತಪ್ಪು ಮಾಡಬೇಡಿ. ಒಮ್ಮೆ ಮಾರ್ಕರ್ ಸ್ಥಾನದ ಎಕ್ಸ್ ಕಾಲಂಗೆ ಮಾತ್ರ ಮೈನಸ್ ಹಾಕಿದ್ದೆ. ಅದು ತಿರುಗಿಸಿದಂತಲ್ಲ, ಕನ್ನಡಿಯಲ್ಲಿ ನೋಡಿದಂತೆ. ಬಲಗಾಲು ಎಡಗಾಲಿನ ಆಕಾರಕ್ಕೆ ಬಂತು. ಹೊರಕ್ಕೆ ಬಾಗಿದ ಮೊಣಕಾಲು ಒಳಕ್ಕೆ ಬಾಗಿದೆ ಅಂತ ತೋರಿಸಿತು. ಝಡ್ ಮೇಲಕ್ಕಿದ್ದರೆ ಎಕ್ಸ್, ವೈ ಎರಡಕ್ಕೂ ಮೈನಸ್ ಹಾಕಿ, ಝಡ್ ಮುಟ್ಟಬೇಡಿ. ಆಗ ಸರಿಯಾಗಿ 180 ಡಿಗ್ರಿ ತಿರುಗುತ್ತದೆ. ಕೋನ ಲೆಕ್ಕ ಹಾಕುವ ಮೊದಲೇ ಇದನ್ನು ಮಾಡಿ.

ನೆಲದಲ್ಲಿ ಕಾಲಿನ ಬಲ ಅಳೆಯುವ ಫೋರ್ಸ್ ಪ್ಲೇಟ್ ಡೇಟಾನೂ ಜೊತೆಗೇ ತಿರುಗಿಸಿ, ಬಲ ಮತ್ತು ಅದು ಬೀಳುವ ಜಾಗ ಎರಡನ್ನೂ. ಮಾರ್ಕರ್ ಒಂದು ಕಡೆ, ಬಲ ಇನ್ನೊಂದು ಕಡೆ ಆದರೆ ಕೀಲನ್ನು ತಿರುಗಿಸುವ ಬಲದ ಲೆಕ್ಕ, ಅಂದರೆ ಕೀಲಿನ ಮೊಮೆಂಟ್‌ಗಳು ಪೂರ್ತಿ ಹಾಳು.

ಯಾವ ಟ್ರಯಲ್ ಯಾವ ಕಡೆಯದು ಅಂತ ಫೈಲ್ ಹೆಸರು ನಂಬಬೇಡಿ. ಬೆನ್ನ ಕೆಳಗಿನ ಮಾರ್ಕರ್‌ನ ಕೊನೆಯ ಎಕ್ಸ್‌ನಿಂದ ಮೊದಲ ಎಕ್ಸ್ ಕಳೆಯಿರಿ. ಮೈನಸ್ ಬಂದರೆ ತಿರುಗಿಸಬೇಕಾದ ಟ್ರಯಲ್ ಅದೇ.