ಅಜ್ಜನ ರಸೀದಿ ಕಂಪ್ಯೂಟರಿಗೆ

ಪ್ರಶ್ನೆ: ಅಜ್ಜನ ಕಂದಾಯ ರಸೀದಿಯಲ್ಲಿ ‘ಫಸಲಿ 1357, ಹಾಲಿ ಸಿಕ್ಕಾ 7 ರೂ. 8 ಆಣೆ’ ಅಂತಿದೆ. ಕಂಪ್ಯೂಟರಿಗೆ ಹಾಕುವಾಗ ಹೇಗೆ ಬರೆಯಬೇಕು ಸರ್?
– ಓದುಗರೊಬ್ಬರು, ಮಾನ್ವಿ

ಉತ್ತರ: ಫಸಲಿ ಅಂದರೆ ಕಂದಾಯ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿ, 1947 ಬರುತ್ತದೆ. ಆದರೆ ಮಾನ್ವಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ನಿಜಾಮರ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರು. ಆದ್ದರಿಂದ 1947-48 ಅಂತಲೇ ಬರೆಯಿರಿ. ಪಕ್ಕದ ಬಳ್ಳಾರಿ ಆಗ ಮದ್ರಾಸಿನಲ್ಲಿತ್ತು, ಅಲ್ಲಿ ಫಸಲಿ ಜುಲೈಗೇ ಶುರು!

ಹಣದ್ದೇ ಜಾಸ್ತಿ ತಕರಾರು. ಹಾಲಿ ಸಿಕ್ಕಾ ಅಂದರೆ ನಿಜಾಮರ ರೂಪಾಯಿ. 7 ಹಾಲಿ ಅಂದರೆ ಸುಮಾರು 6 ಭಾರತ ಸರ್ಕಾರದ ರೂಪಾಯಿ. ಹಾಗಂತ ಸುಮ್ನೆ 7 ಅಳಿಸಿ 6 ಹಾಕಬೇಡಿ. ಮೂಲ ಮೊತ್ತ ಹಾಗೇ ಇರಲಿ, ನಾಣ್ಯದ ಹೆಸರಿಗೆ ಬೇರೆ ಕಾಲಂ ಕೊಡಿ. ಆಣೆಯಲ್ಲಂತೂ ಹುಷಾರು. ನಾನು ಖಜಾನೆಯಲ್ಲಿದ್ದಾಗ ಹುಡುಗರು 7 ರೂ. 8 ಆಣೆಯನ್ನು 7.08 ಅಂತ ಟೈಪ್ ಮಾಡಿಬಿಡುತ್ತಿದ್ದರು. ರೂಪಾಯಿಗೆ 16 ಆಣೆ ಅಲ್ವಾ? ಅದು 7.50. ನೂರು ಪೈಸೆಯ ಲೆಕ್ಕ ಬಂದದ್ದೇ 1957ರ ಏಪ್ರಿಲ್ 1ಕ್ಕೆ.

ಪ್ರಶ್ನೆ: 2038ಕ್ಕೆ ಕಂಪ್ಯೂಟರ್ ನಿಲ್ಲುತ್ತವಂತೆ, ಪಿಂಚಣಿ ಗತಿ?
– ನಿವೃತ್ತ ಮೇಷ್ಟ್ರು, ಗಂಗಾವತಿ

ಉತ್ತರ: ಎಲ್ಲವೂ ನಿಲ್ಲಲ್ಲ ಮೇಷ್ಟ್ರೇ. 1970ರಿಂದ ಸೆಕೆಂಡು ಎಣಿಸುವ ಹಳೇ 32 ಬಿಟ್ (32 ಸೊನ್ನೆ-ಒಂದುಗಳಷ್ಟೇ ಜಾಗದ) ಲೆಕ್ಕ ಮಾತ್ರ 2038ರ ಜನವರಿ 19ರ ಬೆಳಿಗ್ಗೆ 8.44ಕ್ಕೆ ತುಂಬಿ, 1901ಕ್ಕೆ ಜಿಗಿಯುತ್ತದೆ. 64 ಬಿಟ್‌ಗೆ ಬದಲಾಯಿಸಿದರೆ ಮುಗಿಯಿತು. ಆದರೆ 2040ರಲ್ಲಿ ನಿವೃತ್ತರಾಗುವವರ ಲೆಕ್ಕ ಈಗಲೇ ಆ ತಾರೀಖು ದಾಟುತ್ತದೆ. ಕಂಪ್ಯೂಟರುಗಳ ಪರೀಕ್ಷೆ ಇವತ್ತೇ ಆಗಬೇಕು.